ಆರು ಚೌಕದ ಹಾಳೆಯೂ ನಮ್ಮ ಹುಡುಗರ ಗುರಿಗಳೂ

ಕಾಲೇಜುಗಳಿಗೆ ಬಂದು ಗುರಿ ಬರೆಸುವ ವ್ಯಕ್ತಿತ್ವ ವಿಕಸನ ತರಬೇತುದಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮಲ್ಲಿ ಕೆಲವರಿಗೆ ನನ್ನ ಮುಖಪರಿಚಯ ಇದ್ದೀತು. ಚಿತ್ರದುರ್ಗ ಸೀಮೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಿಮಗೆ ಹಾರ ಹಾಕಿ ಸ್ವಾಗತಿಸಿದವನೂ ನಾನೇ, ಕೊನೆಗೆ ವಂದನಾರ್ಪಣೆ ಮಾಡಿದವನೂ ನಾನೇ. ಕನ್ನಡ ಮೇಷ್ಟರಿಗೆ ಈ ಎರಡು ಕೆಲಸ ತಪ್ಪಿದ್ದಲ್ಲ. ನಡುವಿನ ಹೊತ್ತಿನಲ್ಲಿ ನೀವು ಮಾತಾಡುತ್ತೀರಿ, ಹುಡುಗರನ್ನು ನಗಿಸುತ್ತೀರಿ, ಎದ್ದು ನಿಲ್ಲಿಸಿ ‘ನನ್ನಿಂದ ಸಾಧ್ಯ’ ಎಂದು ಮೂರು ಸಲ ಕೂಗಿಸುತ್ತೀರಿ. ಆಮೇಲೆ ಆ ಹಾಳೆ ಹಂಚುತ್ತೀರಿ. ಈ ಪತ್ರ ಆ ಹಾಳೆಯ ಕುರಿತದ್ದು.

ಯಾವ ಸಂಸ್ಥೆಯವರು ಬಂದರೂ ಹಾಳೆ ಹೆಚ್ಚುಕಡಿಮೆ ಒಂದೇ. ಮೇಲೆ ‘ನನ್ನ ಜೀವನದ ಗುರಿಗಳು’ ಎಂಬ ತಲೆಬರಹ, ಕೆಳಗೆ ಆರು ಚೌಕ: ಉದ್ಯೋಗ, ಹಣಕಾಸು, ಆರೋಗ್ಯ, ಕುಟುಂಬ, ಸಮಾಜ, ಅಧ್ಯಾತ್ಮ. ಒಂದೊಂದು ಚೌಕದಲ್ಲೂ ಒಂದು ವರ್ಷಕ್ಕೆ, ಐದು ವರ್ಷಕ್ಕೆ, ಹತ್ತು ವರ್ಷಕ್ಕೆ ಎಂದು ಮೂರು ಗೆರೆ. ಬರೆಯಲು ಕಾಲು ಗಂಟೆ. ಬರೆದಾದ ಮೇಲೆ ನಾಲ್ಕೈದು ಜನ ವೇದಿಕೆಗೆ ಬಂದು ಮೈಕಿನಲ್ಲಿ ಓದಬೇಕು.

ನೀವು ಹೊರಟ ಮೇಲೆ ಹಾಳೆಗಳು ಉಳಿಯುವುದು ನಮ್ಮ ಸ್ಟಾಫ್ ರೂಮಿನಲ್ಲಿ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನ ಕಡತಕ್ಕೆ ಬೇಕಾದದ್ದು ಜಿಯೋಟ್ಯಾಗ್ ಇರುವ ಫೋಟೊ, ಹಾಜರಾತಿ ಪಟ್ಟಿ ಮತ್ತು ಫೀಡ್‌ಬ್ಯಾಕ್ ಫಾರಂ. ಗುರಿಗಳನ್ನು ಅಲ್ಲಿ ಯಾರೂ ಕೇಳುವುದಿಲ್ಲ. (ಆದ್ದರಿಂದ ಈ ಪತ್ರದ ಅರ್ಧ ಪಾಲು ನಮ್ಮಂಥ ಕಾಲೇಜುಗಳಿಗೂ ಸಲ್ಲಬೇಕು. ಶಿಬಿರ ನಡೆಯಿತೇ ಎಂದು ನೋಡುತ್ತೇವೆಯೇ ಹೊರತು ಏನು ನಡೆಯಿತು ಎಂದು ನೋಡುವುದಿಲ್ಲ.) ಹಾಗಾಗಿ ಹಾಳೆಗಳ ಕಟ್ಟು ನನ್ನ ಮೇಜಿಗೆ ಬರುತ್ತದೆ. ಹೆಚ್ಚಿನವುಗಳಲ್ಲಿ ಹೆಸರೇ ಇರುವುದಿಲ್ಲ.

ಅಂಥ ಒಂದು ಹಾಳೆಯನ್ನು ನಿಮ್ಮ ಮುಂದೆ ಬಿಡಿಸಿಡುತ್ತೇನೆ. ನೀಲಿ ಜೆಲ್ ಪೆನ್ನು, ದುಂಡಗಿನ ಅಕ್ಷರ, ತಪ್ಪಾದಲ್ಲೆಲ್ಲ ವೈಟ್ನರ್. ಉದ್ಯೋಗದ ಚೌಕದಲ್ಲಿ: ‘ಪಿಡಿಒ ಅಥವಾ ಎಸ್‌ಡಿಎ ಅಥವಾ ಪೊಲೀಸ್, ಯಾವುದು ಮೊದಲು ಕರೆದರೆ ಅದು.’ ಹಣಕಾಸಿನಲ್ಲಿ: ‘ಸಂಘದ ಕಂತು ಮುಗಿಯಬೇಕು. ಅಮ್ಮ ಇನ್ನೊಂದು ಸಂಘದಲ್ಲಿ ಸಾಲ ಎತ್ತಬಾರದು.’ ಆರೋಗ್ಯದಲ್ಲಿ: ‘ಅಪ್ಪನ ಶುಗರ್, ಕಾಲಿನ ಗಾಯ.’ ಕುಟುಂಬದಲ್ಲಿ: ‘ತಮ್ಮನಿಗೆ ಐಟಿಐ ಓದಿಸುವುದು. ಮನೆಗೆ ಬಚ್ಚಲು ಕಟ್ಟಿಸುವುದು.’ ಸಮಾಜ: ‘ಗೊತ್ತಿಲ್ಲ.’ ಅಧ್ಯಾತ್ಮ ಖಾಲಿ. ಇಷ್ಟಾದ ಮೇಲೆ, ಚೌಕಗಳ ಹೊರಗೆ, ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಸಾಲು: ‘ಮದುವೆ ಮೂರು ವರ್ಷ ಮುಂದಕ್ಕೆ ಹಾಕಿಸುವುದು.’

ನಿಮ್ಮ ಲೆಕ್ಕದಲ್ಲಿ ಇದು ಫೇಲಾದ ಹಾಳೆ. ಉದ್ಯೋಗದ ಗುರಿ ಸ್ಪಷ್ಟವಿಲ್ಲ, ಒಂದರ ಜಾಗದಲ್ಲಿ ಮೂರು ಇವೆ. ಆರೋಗ್ಯದ ಚೌಕದಲ್ಲಿ ತನ್ನ ಆರೋಗ್ಯವೇ ಇಲ್ಲ. ದೊಡ್ಡ ಕನಸೆಂಬುದು ಎಲ್ಲೂ ಕಾಣುವುದಿಲ್ಲ. ಆದರೆ ನಾನು ಓದಿದ ಹಾಳೆಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಕಡಿಮೆ. ತನ್ನ ಮನೆಯಲ್ಲಿ ಯಾವ ಕೆಲಸ ಯಾವುದಕ್ಕೆ ಕಟ್ಟಿಕೊಂಡಿದೆ ಎಂದು ಈ ಹುಡುಗಿಗೆ ಚೆನ್ನಾಗಿ ಗೊತ್ತು. ಮದುವೆ ಮುಂದಕ್ಕೆ ಹೋದರೆ ಪರೀಕ್ಷೆಗೆ ಕೂರಬಹುದು, ನೌಕರಿ ಸಿಕ್ಕರೆ ಕಂತು ತೀರುತ್ತದೆ, ಕಂತು ತೀರಿದರೆ ತಮ್ಮನ ಫೀಸು. ಎಲ್ಲಕ್ಕೂ ಬುಡದಲ್ಲಿರುವ ಗುರಿ ಅಂಚಿನ ಆ ಪೆನ್ಸಿಲ್ ಸಾಲು. ನಿಮ್ಮ ಆರರಲ್ಲಿ ಅದಕ್ಕೊಂದು ಚೌಕ ಇರಲಿಲ್ಲ.

ನನ್ನ ತಕರಾರು ಇಷ್ಟೇ. ನಿಮ್ಮ ಹಾಳೆ ಗುರಿಗಳನ್ನು ವಿಷಯದ ಮೇಲೆ ವಿಂಗಡಿಸುತ್ತದೆ, ಇದು ದುಡ್ಡಿನದು, ಇದು ಮೈಯದು, ಇದು ದೇವರದು ಎಂದು. ಗುರಿ ಯಾರದು, ಯಾರಿಗಾಗಿ ಎಂದು ಕೇಳುವುದೇ ಇಲ್ಲ. ನಮ್ಮ ಹುಡುಗರ ಮಟ್ಟಿಗೆ ಮೊದಲು ಕೇಳಬೇಕಾದದ್ದು ಅದನ್ನೇ.

ಗುರಿ ಬರೆಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ‘ನಿನ್ನ ಕೈಲಾದಷ್ಟು ಮಾಡು’ ಎನ್ನುವುದಕ್ಕಿಂತ ನಿರ್ದಿಷ್ಟವಾದ, ತುಸು ಕಷ್ಟವಾದ ಗುರಿ ಕೊಟ್ಟರೆ ಕೆಲಸ ಚೆನ್ನಾಗಿ ಆಗುತ್ತದೆ ಎಂದು ಎಡ್ವಿನ್ ಲಾಕ್, ಗ್ಯಾರಿ ಲೇಥಮ್ ಎಂಬ ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ಪ್ರಯೋಗ ಮಾಡಿ ತೋರಿಸಿದ್ದಾರೆ. ಅದನ್ನು ಹೇಳಿ, ಯಾರೂ ಬೇಡ ಅನ್ನುವುದಿಲ್ಲ. ನೀವು ಹೇಳುವುದು ಬೇರೊಂದು ಕಥೆಯನ್ನು. 1953ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪದವೀಧರರಲ್ಲಿ ನೂರಕ್ಕೆ ಮೂರು ಜನ ಮಾತ್ರ ಗುರಿ ಬರೆದಿಟ್ಟಿದ್ದರಂತೆ, ಇಪ್ಪತ್ತು ವರ್ಷದ ಮೇಲೆ ಆ ಮೂರು ಜನರ ಆಸ್ತಿ ಉಳಿದ ತೊಂಬತ್ತೇಳು ಜನರ ಆಸ್ತಿಗಿಂತ ಹೆಚ್ಚಾಗಿತ್ತಂತೆ. ಕೆಲವರ ಬಾಯಲ್ಲಿ ಯೇಲ್ ಹೋಗಿ ಹಾರ್ವರ್ಡ್ ಆಗುತ್ತದೆ. ಅಂಥ ಅಧ್ಯಯನ ನಡೆದೇ ಇಲ್ಲ. 1990ರ ದಶಕದಲ್ಲೇ ಅಮೆರಿಕದ ಪತ್ರಿಕೆಯೊಂದು ಬೆನ್ನುಹತ್ತಿ ನೋಡಿತು, ಕಥೆ ಹೇಳುವ ಗುರುಗಳು ಒಬ್ಬರ ಕಡೆ ಇನ್ನೊಬ್ಬರು ಬೆರಳು ತೋರಿಸಿದರು. ತಮ್ಮಲ್ಲಿ ಅಂಥ ಅಧ್ಯಯನದ ದಾಖಲೆ ಯಾವುದೂ ಇಲ್ಲ ಎಂದು ಯೇಲ್‌ನವರೇ ಹೇಳಿದ್ದಾರೆ. ನಮ್ಮ ಹುಡುಗರು ಆ ಕಥೆಯನ್ನು ನಂಬಿ ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಒಬ್ಬ ಪರೀಕ್ಷೆಯ ಪ್ರಬಂಧದಲ್ಲೂ ಬರೆದಿದ್ದ.

ಮನುಷ್ಯನ ಅಗತ್ಯಗಳನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸಿದ ಮಾಸ್ಲೋನ ತ್ರಿಕೋನದ ಸ್ಲೈಡೂ ಇರುತ್ತದೆ. ಆತನ ಮೂಲ ಲೇಖನ 1943ರದ್ದು, ಅದರಲ್ಲಿ ತ್ರಿಕೋನದ ಚಿತ್ರವಿಲ್ಲ. ಹೊಟ್ಟೆ ತುಂಬಿದ ಮೇಲೆಯೇ ಮೇಲಿನದು ಎಂಬ ಬಿಗಿ ಮೆಟ್ಟಿಲೂ ಇಲ್ಲ, ಈ ಕ್ರಮ ಹಿಂದುಮುಂದಾಗಬಹುದು ಎಂದು ಆತನೇ ಒಪ್ಪಿದ್ದಾನೆ. ಮ್ಯಾನೇಜ್‌ಮೆಂಟ್ ಪಾಠ ಹೇಳುವವರು ಮುಂದೆ ಅದನ್ನು ತ್ರಿಕೋನ ಮಾಡಿದರು.

ಇನ್ನು ‘ಸ್ಮಾರ್ಟ್’ ಗುರಿ. ಇದನ್ನು ಐದು ಅಕ್ಷರಕ್ಕೆ ಐದು ಸ್ಲೈಡು ಹಾಕಿ ಹೇಳುತ್ತೀರಿ. ಇದು ಬಂದದ್ದು 1981ರಲ್ಲಿ, ಜಾರ್ಜ್ ಡೊರಾನ್ ಎಂಬಾತ ಕಂಪನಿಗಳ ಮ್ಯಾನೇಜರುಗಳಿಗಾಗಿ ಬರೆದ ಪುಟ್ಟ ಲೇಖನದಲ್ಲಿ. ಆತ ಹಿಂದೆ ಒಂದು ವಿದ್ಯುತ್ ಕಂಪನಿಯಲ್ಲಿ ಯೋಜನಾ ವಿಭಾಗ ನೋಡಿಕೊಂಡಿದ್ದವನು. ನೀವು ‘ಎ’ ಅಂದರೆ ಸಾಧಿಸಬಹುದಾದದ್ದು ಅನ್ನುತ್ತೀರಲ್ಲ, ಡೊರಾನ್ ಬರೆದದ್ದು ಅದಲ್ಲ. ಈ ಕೆಲಸ ಯಾರದು ಎಂದು ಹೆಸರು ಹಿಡಿದು ಗೊತ್ತುಮಾಡಬೇಕು ಎಂಬುದು ಅವನ ‘ಎ’. ಕಂಪನಿಯ ಗುರಿ ಎಲ್ಲರದೂ ಆದರೆ ಯಾರದೂ ಆಗುವುದಿಲ್ಲ ಎಂಬ ಅನುಭವ ಅವನಿಗಿತ್ತು. ಅದನ್ನು ವೈಯಕ್ತಿಕ ಬದುಕಿಗೆ ತರುವಾಗ, ‘ನನ್ನ ಗುರಿ, ಅಂದ ಮೇಲೆ ನನ್ನದೇ ತಾನೆ’ ಎಂದುಕೊಂಡು ಆ ಪ್ರಶ್ನೆಯನ್ನು ಕೈಬಿಟ್ಟರು. ತಾಲ್ಲೂಕು ಕಾಲೇಜಿಗೆ ಬಂದು ಮುಟ್ಟುವ ಹೊತ್ತಿಗೆ ಬೇಕಾಗಿದ್ದ ಪ್ರಶ್ನೆಯೇ ಬಿದ್ದುಹೋಗಿತ್ತು.

ಅದೇ ಐದರಲ್ಲಿ ಕೊನೆಯದು ಗಡುವು. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದವರು ಆ ಎರಡು ಚಿಲ್ಲರೆ ವರ್ಷ ಬಾಡಿಗೆ ಕಟ್ಟುತ್ತಲೇ ಇದ್ದರು. ಮೊದಲ ಸಲ ಪ್ರಾಮಾಣಿಕವಾಗಿ ಬರೆದು ಪಾಸಾದವರೂ ಮತ್ತೆ ಕೂರಬೇಕಾಯಿತು. ಅವರ ಹಾಳೆಯಲ್ಲಿ ‘ಒಂದು ವರ್ಷಕ್ಕೆ’ ಎಂಬ ಗೆರೆಯ ಮೇಲೆ ಏನು ಬರೆದಿದ್ದರೋ, ಅದು ಆಗಲಿಲ್ಲ. ತಪ್ಪು ಅವರದಲ್ಲ. ಆದರೆ ಗಡುವು ಮೀರಿದ್ದು ನಿನ್ನ ಇಚ್ಛಾಶಕ್ತಿಯ ಕೊರತೆ ಎಂದು ನಿಮ್ಮ ಶಿಬಿರ ಅವರಿಗೆ ಮೊದಲೇ ಹೇಳಿಕೊಟ್ಟಿರುತ್ತದೆ. ‘ಯಾವುದು ಮೊದಲು ಕರೆದರೆ ಅದು’ ಎಂದು ಬರೆದ ಹುಡುಗಿಗೆ ಗೊಂದಲವಿಲ್ಲ, ನೋಟಿಫಿಕೇಶನ್ ತನ್ನ ಕೈಯಲ್ಲಿಲ್ಲ ಎಂಬ ತಿಳಿವಳಿಕೆ ಇದೆ.

ಹಾಗಾದರೆ ಗುರಿಗಳನ್ನು ಹೇಗೆ ವಿಂಗಡಿಸಬೇಕು? ಈ ಪ್ರಶ್ನೆಯನ್ನು ಗಂಭೀರವಾಗಿ ಹಿಡಿದು ಕೂತವರಿದ್ದಾರೆ. 2001ರಲ್ಲಿ ಚುಲೆಫ್, ರೀಡ್, ವಾಲ್ಶ್ ಎಂಬ ಮೂವರು ಅಮೆರಿಕದಲ್ಲಿ 135 ಗುರಿಗಳನ್ನು ಪಟ್ಟಿಮಾಡಿ, ಕಾಲೇಜು ಹುಡುಗರಿಂದ ಹಿಡಿದು ವಯಸ್ಸಾದವರ ತನಕ ಬೇರೆ ಬೇರೆ ಪ್ರಾಯದವರ ಕೈಗೆ ಕೊಟ್ಟು, ನಿಮಗೆ ತೋಚಿದಂತೆ ಗುಂಪು ಮಾಡಿ ಅಂದರು. ಚೌಕಗಳನ್ನು ಮೊದಲೇ ಗೀಚಿ ಕೊಡಲಿಲ್ಲ, ನನಗೆ ಮೆಚ್ಚಿಗೆಯಾದದ್ದು ಅದು. ಎಲ್ಲ ಪ್ರಾಯದವರೂ ಮೊದಲು ಬೇರ್ಪಡಿಸಿದ್ದು ಸಂಸಾರ, ಮದುವೆ, ಪ್ರೀತಿಯ ಗುರಿಗಳನ್ನು. ಉಳಿದವು ಆಮೇಲೆ ಇತರ ಜನರೊಡನೆ ಸಂಬಂಧಪಟ್ಟವು, ತನ್ನೊಳಗಿನವು ಎಂದು ಎರಡಾದವು. ಒಬ್ಬೊಬ್ಬರೂ ತಮ್ಮ ಪಾಡಿಗೆ ಬದುಕುತ್ತಾರೆಂದು ನಾವು ಅಂದುಕೊಂಡಿರುವ ಆ ದೇಶದಲ್ಲೇ, ಯಾರ ಜೊತೆಗಿನದು ಎಂಬ ಗೆರೆ ಮೊದಲು ಬಿತ್ತು.

ನಮ್ಮಲ್ಲಿ ಆ ಗೆರೆ ಇನ್ನೂ ದಪ್ಪ. ನಮ್ಮ ಹಾಳೆಗಳನ್ನು ನಾನು ವಿಂಗಡಿಸಿದರೆ ಮೊದಲ ಕಟ್ಟಿಗೆ ಹೋಗುವುದು ತೀರಿಸುವ ಗುರಿಗಳು: ಅಪ್ಪನ ಬೆಳೆಸಾಲ, ಫೇಲಾದ ಬೋರ್‌ವೆಲ್ಲಿನ ಸಾಲ, ಅಕ್ಕನ ಮದುವೆಗೆ ಅಡವಿಟ್ಟ ಚಿನ್ನ. ಕಟ್ಟುಗಳಲ್ಲಿ ಇದೇ ದೊಡ್ಡದು. ಇವುಗಳ ಗುಣವೇನೆಂದರೆ, ಮುಗಿದಾಗ ಮನೆ ಮೊದಲಿದ್ದ ಜಾಗಕ್ಕೆ ಬರುತ್ತದೆ, ಅಷ್ಟೆ. ಮೇಲೇರಿದ ಹಾಗೆ ಹೊರಗಿನವರಿಗೆ ಕಾಣುವುದಿಲ್ಲ. ಹತ್ತು ವರ್ಷ ದುಡಿದು ಸೊನ್ನೆಗೆ ಬಂದು ನಿಂತವನನ್ನು ನಿಮ್ಮ ವೇದಿಕೆಗೆ ಯಾರೂ ಸಾಧಕ ಎಂದು ಕರೆಯುವುದಿಲ್ಲ. ನಮ್ಮೂರಲ್ಲಿ ಮಾತ್ರ ಅಂಥವನಿಗೆ ‘ಮನೆ ಉಳಿಸಿದ’ ಎಂಬ ಹೆಸರು ಇದ್ದೇ ಇದೆ.

ಎರಡನೆಯದು ಆಗಬಾರದು ಎಂಬ ಗುರಿಗಳು. ಅಮ್ಮ ಕೂಲಿಗೆ ಹೋಗಬಾರದು. ಅಪ್ಪ ಇನ್ನೊಬ್ಬರ ಜಗಲಿಯ ಕೆಳಗೆ ನಿಲ್ಲಬಾರದು. ಊರಲ್ಲಿ ತಲೆ ತಗ್ಗಿಸುವಂತಾಗಬಾರದು. ನೀವು ಇವನ್ನು ‘ನೆಗೆಟಿವ್’ ಎಂದು ತಿದ್ದಿಸುತ್ತೀರಿ, ಎಲ್ಲವನ್ನೂ ‘ಬೇಕು’ ಎಂದು ಮುಗಿಸಿ ಅನ್ನುತ್ತೀರಿ. ನಿಮ್ಮ ಮಾತಿಗೆ ಒಂದು ಮಟ್ಟಿನ ಆಧಾರವೂ ಉಂಟು: ಅಮೆರಿಕದ ವಿದ್ಯಾರ್ಥಿಗಳಲ್ಲಿ ಇಂಥ ತಪ್ಪಿಸಿಕೊಳ್ಳುವ ಗುರಿಗಳು ಹೆಚ್ಚಿದ್ದಷ್ಟೂ ನೆಮ್ಮದಿ ಕಡಿಮೆ ಎಂದು ಆಂಡ್ರೂ ಎಲಿಯಟ್ ಮತ್ತು ಜೊತೆಗಾರರು ಕಂಡಿದ್ದರು. ಅದೇ ತಂಡ 2001ರಲ್ಲಿ ದಕ್ಷಿಣ ಕೊರಿಯಾದಲ್ಲೂ ರಷ್ಯಾದಲ್ಲೂ ನೋಡಿದಾಗ ಆ ನಂಟು ಕಾಣಲಿಲ್ಲ. ತನ್ನವರ ನಡುವೆ ತನ್ನ ಜಾಗ ಉಳಿಸಿಕೊಳ್ಳುವುದು ಮುಖ್ಯವಾದ ಕಡೆ, ‘ಆಗಬಾರದು’ ಎನ್ನುವುದು ಅಂಜುಬುರುಕತನವೇ ಆಗಬೇಕಿಲ್ಲ. ಅಪ್ಪ ಜಗಲಿಯ ಕೆಳಗೆ ನಿಲ್ಲಬಾರದು ಎಂದು ಬರೆದವನಿಗೆ, ಅದನ್ನು ‘ನಾನು ಯಶಸ್ವಿ ವ್ಯಕ್ತಿಯಾಗಬೇಕು’ ಎಂದು ತಿದ್ದಿಸಿದರೆ, ಅವನ ಗುರಿಯಲ್ಲಿದ್ದ ಅಪ್ಪನೂ ಹೋದ, ಜಾತಿಯೂ ಹೋಯಿತು, ಊರೂ ಹೋಯಿತು. ಉಳಿದದ್ದು ಒಂದು ಪೋಸ್ಟರು.

ದುಡ್ಡಿನ ಗುರಿಗಳ ಬಗ್ಗೆ ನೀವು ಎರಡು ಬಗೆ. ಒಂದು ಪಂಗಡ ಕೋಟಿ ಕನಸು ಕಾಣಿರೋ ಅನ್ನುತ್ತದೆ, ಇನ್ನೊಂದು ಹಣದಲ್ಲೇನಿದೆ ಅನ್ನುತ್ತದೆ. ಎರಡನೆಯವರ ಬೆನ್ನಿಗೆ ಟಿಮ್ ಕ್ಯಾಸರ್, ರಿಚರ್ಡ್ ರಯಾನ್ ಅವರ 1993ರ ಅಧ್ಯಯನವಿದೆ. ಹಣದ ಯಶಸ್ಸನ್ನೇ ಎಲ್ಲಕ್ಕಿಂತ ಮೇಲಿಟ್ಟ ವಿದ್ಯಾರ್ಥಿಗಳಲ್ಲಿ ನೆಮ್ಮದಿ ಕಡಿಮೆ ಎಂದು ಅವರು ಕಂಡರು. ಆದರೆ 2001ರಲ್ಲಿ ಶ್ರೀವಾಸ್ತವ, ಬಾರ್ಟೋಲ್ ಎಂಬಿಬ್ಬರೊಡನೆ ಸೇರಿ ಅದೇ ಎಡ್ವಿನ್ ಲಾಕ್, ಹಣ ಯಾತಕ್ಕೆ ಬೇಕು ಎಂಬುದನ್ನು ಬಿಡಿಸಿ ಕೇಳಿದ. ನೆಮ್ಮದಿ ಕೆಡಿಸುತ್ತಿದ್ದದ್ದು ಇನ್ನೊಬ್ಬರಿಗಿಂತ ಮೇಲೆ ಅನ್ನಿಸಿಕೊಳ್ಳುವ, ಅಧಿಕಾರ ತೋರಿಸುವ, ತನ್ನ ಬಗ್ಗೆ ತನಗಿರುವ ಅನುಮಾನ ಮುಚ್ಚಿಕೊಳ್ಳುವ ಉದ್ದೇಶಗಳು. ಬರೇ ಹಣ ಬೇಕೆನ್ನುವುದಲ್ಲ. ನಮ್ಮ ಹಾಳೆಗಳಲ್ಲಿ ‘ಬುಲೆಟ್ ಬೈಕ್’ ಎಂದೂ ಇದೆ, ‘ಆರ್‌ಸಿಸಿ ಮನೆ’ ಎಂದೂ ಇದೆ. ನಿಮ್ಮ ಪ್ರಕಾರ ಎರಡೂ ಹಣಕಾಸಿನ ಚೌಕಕ್ಕೇ ಸೇರಬೇಕು. ಒಂದು ಗೆಳೆಯರು ನೋಡಲಿ ಎಂದು, ಇನ್ನೊಂದು ಮಳೆಗೆ ಸೋರದಿರಲಿ ಎಂದು. ಬುಲೆಟ್ ಬೇಡವೆಂದು ನಾನು ಹೇಳುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಬುಲೆಟ್ ಬೇಡ ಅನ್ನುವ ಹುಡುಗನ ಬಗ್ಗೆಯೇ ನನಗೆ ಸ್ವಲ್ಪ ಆತಂಕ.

ಇಷ್ಟರಲ್ಲಿ ನಿಮ್ಮಲ್ಲಿ ಸಂಸ್ಕೃತ ಬಲ್ಲವರು ಧರ್ಮ, ಅರ್ಥ, ಕಾಮ, ಮೋಕ್ಷ ಎಂದು ಚತುರ್ವಿಧ ಪುರುಷಾರ್ಥ ತೆಗೆದಿರುತ್ತೀರಿ. ಒಳ್ಳೆಯ ವಿಂಗಡಣೆಯೇ. ಅದರಲ್ಲಿ ಆಸೆಗೆ ನಾಚಿಕೆಯಿಲ್ಲದೆ ಒಂದು ಜಾಗ ಕೊಟ್ಟಿದ್ದಾರೆ, ನಿಮ್ಮ ಆರು ಚೌಕಗಳಲ್ಲಿ ಅದಿಲ್ಲ. ಮೊದಲು ಮೂರೇ ಇದ್ದದ್ದು, ಮೋಕ್ಷ ಆಮೇಲೆ ಸೇರಿದ್ದು. ಒಂದಕ್ಕೊಂದು ಅಡ್ಡಬಂದಾಗ ಯಾವುದು ಮೇಲು ಎಂಬ ಜಗಳವಂತೂ ಶತಮಾನಗಳದ್ದು. ಚೌಕ ತುಂಬಿ ಕೈತೊಳೆದುಕೊಳ್ಳುವುದಲ್ಲ ಅದು.

ನನಗೆ ಅದಕ್ಕಿಂತ ಹತ್ತಿರದ ಉದಾಹರಣೆ ಆಯ್ದಕ್ಕಿ ಲಕ್ಕಮ್ಮ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯನ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು. ಒಂದು ದಿನ ಅವನು ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅಲ್ಲೇ ಸುರಿದು ಬಾ ಎಂದು ಅವಳು ವಾಪಸು ಕಳಿಸಿದಳು ಎಂಬುದು ಎಲ್ಲರೂ ಬಲ್ಲ ಕಥೆ. ಅವಳಿಗೂ ಗುರಿ ಇತ್ತು, ಆದರೆ ಅದಕ್ಕೆ ಮೇಲ್ಗಡೆಯೂ ಒಂದು ಗೆರೆ ಇತ್ತು. ಎಷ್ಟಾದರೆ ಸಾಕು ಎಂದು ಕೇಳುವ ಗೆರೆ ನಿಮ್ಮ ಹಾಳೆಯಲ್ಲಿ ಎಲ್ಲಿದೆ? ‘ಅಮ್ಮ ಇನ್ನೊಂದು ಸಂಘದಲ್ಲಿ ಸಾಲ ಎತ್ತಬಾರದು’ ಎನ್ನುವುದು ಅಂಥ ಸಾಕಿನ ಗುರಿ.

ಹರೇಕಳ ಹಾಜಬ್ಬ ಅವರ ಹೆಸರನ್ನು ನೀವು ಈಚೆಗೆ ಧಾರಾಳವಾಗಿ ಬಳಸುತ್ತಿದ್ದೀರಿ. ಬಳಸಿ. ಆದರೆ ಗುರಿ ಬರೆದಿಟ್ಟುಕೊಂಡು ಸಾಧಿಸಿದವರು ಎಂಬ ಪಟ್ಟಿಯಲ್ಲಿ ಹಾಕಬೇಡಿ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದವರಿಗೆ ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರ ಹೇಳಲಾಗದೆ ಹೋಯಿತು. ಆ ಮುಜುಗರ ತನ್ನೂರಿನ ಮಕ್ಕಳಿಗೆ ಬರಬಾರದು ಎಂದು ಅನ್ನಿಸಿ, ಬುಟ್ಟಿಯ ದುಡಿಮೆಯಲ್ಲಿ ಉಳಿಸಿದ ಹಣ ಹಾಕಿ ಅವರು ನ್ಯೂಪಡ್ಪಿನಲ್ಲಿ ಶಾಲೆಗಾಗಿ ಓಡಾಡಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ನೋಡಿ, ಅದು ಹುಟ್ಟಿದ್ದು ಒಂದು ‘ಬರಬಾರದು’ ಎಂಬುದರಿಂದ. ಇಪ್ಪತ್ತನೇ ವಯಸ್ಸಿನಲ್ಲಿ ನಿಮ್ಮ ಹಾಳೆ ಸಿಕ್ಕಿದ್ದರೆ ‘ಸಮಾಜ’ದ ಚೌಕವನ್ನು ಅವರೂ ಖಾಲಿ ಬಿಡುತ್ತಿದ್ದರೇನೋ. ‘ಗೊತ್ತಿಲ್ಲ’ ಎಂದು ಬರೆದ ಹುಡುಗಿಯ ಮುಂದೆ ಇನ್ನೂ ಬೇಕಾದಷ್ಟು ದಾರಿ ಇದೆ.

ಕೊನೆಯದಾಗಿ ಮೈಕಿನ ವಿಷಯ. ನಾಲ್ಕೈದು ಜನರ ಕೈಲಿ ಓದಿಸುತ್ತೀರಿ ಎಂದು ಗೊತ್ತಿದ್ದರೆ ಮುನ್ನೂರು ಜನವೂ ಓದಬಹುದಾದದ್ದನ್ನೇ ಬರೆಯುತ್ತಾರೆ. ಹಾಗಾಗಿ ವೇದಿಕೆಯಲ್ಲಿ ಕೇಳುವುದು ಐಎಎಸ್, ದೇಶಸೇವೆ, ತಂದೆತಾಯಿಯ ಸೇವೆ. ನಮ್ಮ ಹುಡುಗರ ಜೀವನದ ಗುರಿಗಳೆಂದು ನೀವು ಕೇಳಿಸಿಕೊಂಡು ಹೋಗುವುದು ಮೈಕಿಗೆ ತಕ್ಕ ಗುರಿಗಳನ್ನು. ಬೇರೆ ಜಾತಿಯ ಹುಡುಗನನ್ನು ಮದುವೆಯಾಗುವುದು, ಅಪ್ಪ ಹೇಳಿದ ಬಿ.ಎಡ್ ಬಿಟ್ಟು ಬೆಂಗಳೂರಿಗೆ ಹೋಗಿ ಕ್ಯಾಮೆರಾ ಹಿಡಿಯುವುದು, ಕುಡಿದು ಹೊಡೆಯುವ ಅಪ್ಪನಿಂದ ಅಮ್ಮನನ್ನು ಬೇರೆ ಇರಿಸುವುದು, ಯಾರ ಹಂಗೂ ಇಲ್ಲದೆ ಒಂದು ರೂಮು ಮಾಡಿಕೊಂಡು ಒಬ್ಬಳೇ ಇರುವುದು, ಇವು ಆ ಕಾಲು ಗಂಟೆಯಲ್ಲಿ ಹಾಳೆಗೆ ಇಳಿಯುವುದಿಲ್ಲ. ಇಳಿದರೆ ಅಂಚಿಗೆ, ಪೆನ್ಸಿಲ್ಲಿನಲ್ಲಿ.

ಮುಂದಿನ ಸೆಮಿಸ್ಟರಿನಲ್ಲಿ ನಿಮ್ಮಲ್ಲೊಬ್ಬರು ಮತ್ತೆ ಬರುತ್ತೀರಿ, ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯುಎಸಿಯವರು ದಿನಾಂಕ ಕೇಳುತ್ತಿದ್ದಾರೆ. ಬನ್ನಿ. ಅಚ್ಚು ಹಾಕಿಸಿದ ಹಾಳೆ ತರಬೇಡಿ, ಬಿಳಿ ಹಾಳೆ ನಮ್ಮಲ್ಲಿವೆ. ಯಾವ ಚೌಕವನ್ನೂ ಹೇಳದೆ, ಬೇಕೆನ್ನಿಸಿದ್ದು ಬೇಡವೆನ್ನಿಸಿದ್ದು ಎಲ್ಲ ಬರೆಯಲು ಬಿಡಿ. ಆಮೇಲೆ ಒಂದೊಂದರ ಪಕ್ಕದಲ್ಲಿ ಇದು ಯಾರಿಗಾಗಿ, ಇದರಲ್ಲಿ ನನ್ನ ಕೈಯಲ್ಲಿರುವುದೆಷ್ಟು, ಎಷ್ಟಾದರೆ ಸಾಕು ಎಂದು ಗುರುತು ಹಾಕಿಸಿ. ಕೆಲವರಿಗೆ ಆಗ ಕಾಣಬಹುದು, ಪಟ್ಟಿಯಲ್ಲಿ ತನಗಾಗಿ ಒಂದೂ ಇಲ್ಲ ಎಂದು. ಅದನ್ನು ತ್ಯಾಗವೆಂದು ಹೊಗಳಿ ಚಪ್ಪಾಳೆ ಹೊಡೆಸಬೇಡಿ, ಸ್ವಾರ್ಥ ಕಲಿಯಿರಿ ಎಂದು ಉಪದೇಶವನ್ನೂ ಮಾಡಬೇಡಿ. ಒಂದನ್ನು ಸೇರಿಸಿಕೋ ಅನ್ನಿ, ಚಿಕ್ಕದಾದರೂ ಸರಿ. ಓದಿಸುವುದು ಬೇಡ. ಹಾಳೆಯನ್ನು ಮಡಿಚಿ ಅವರೇ ಇಟ್ಟುಕೊಳ್ಳಲಿ, ನನ್ನ ಮೇಜಿಗೂ ಬೇಡ.

ಉಳಿದ ಹೊತ್ತಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ, ಹಾಸ್ಟೆಲ್ ಸೀಟು, ಯಾವ ಹುದ್ದೆಗೆ ಯಾವ ವಯೋಮಿತಿ, ಇಂಥವನ್ನು ಬಲ್ಲವರೊಬ್ಬರನ್ನು ಜೊತೆಗೆ ಕರೆತಂದರೆ ದೊಡ್ಡ ಉಪಕಾರ. ಮದುವೆ ಮುಂದಕ್ಕೆ ಹಾಕಿಸಬೇಕೆಂದಿರುವವಳಿಗೆ ಮನೆಯಲ್ಲಿ ತೋರಿಸಲು ಒಂದು ಹಾಲ್ ಟಿಕೆಟ್ಟಾದರೂ ಬೇಕಾಗುತ್ತದೆ. ಕಾರ್ಯಕ್ರಮವನ್ನು ಮೂರೂವರೆಯೊಳಗೆ ಮುಗಿಸಿ, ಹಳ್ಳಿ ಬಸ್ಸು ಮೂರೂ ಮುಕ್ಕಾಲಿಗೆ. ಸ್ವಾಗತ ಭಾಷಣವನ್ನು ಚಿಕ್ಕದು ಮಾಡುವ ಜವಾಬ್ದಾರಿ ನನ್ನದು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಕನ್ನಡ ಮೇಷ್ಟ್ರು